ಝೀರೊ ಸಂಗೀತೋತ್ಸವಕ್ಕೆ ವಿಮಾನದಲ್ಲಿ ಹೊರಟವರ ಬುತ್ತಿ, ನೀರು ಮತ್ತು ಡೇರೆ

ಪ್ರಶ್ನೆ: ನಾನು ಚಿತ್ರದುರ್ಗದವಳು. ಅರುಣಾಚಲ ಪ್ರದೇಶದ ಝೀರೊ ಕಣಿವೆಯಲ್ಲಿ ನಡೆಯುವ ಸಂಗೀತೋತ್ಸವಕ್ಕೆ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಈ ವರ್ಷ ಹೋಗುತ್ತಿದ್ದೇವೆ. ಬೆಂಗಳೂರಿನಿಂದ ಗುವಾಹಟಿಯವರೆಗೆ ವಿಮಾನ, ಅಲ್ಲಿಂದ ಮುಂದೆ ರೈಲು ಮತ್ತು ಜೀಪು. ನಾಲ್ಕು ದಿನ ಡೇರೆಯಲ್ಲೇ ಇರಬೇಕೆಂದಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು. ಅವ್ವ ರೊಟ್ಟಿ, ಕೊಬ್ಬರಿ ಚಟ್ನಿಪುಡಿ, ತುಪ್ಪ ಎಲ್ಲ ಕಟ್ಟಿಕೊಡುವುದಾಗಿ ಹೇಳುತ್ತಿದ್ದಾರೆ. ಆ ತಮ್ಮನೋ ಸಣ್ಣ ಗ್ಯಾಸ್ ಒಲೆಯನ್ನೂ ನೀರಿನ ಕ್ಯಾನನ್ನೂ ಒಯ್ಯೋಣ ಎನ್ನುತ್ತಾನೆ. ತಲೆಗೆ 15 ಕಿಲೋ ಮಿತಿಯಲ್ಲಿ ಇದೆಲ್ಲ ಸಾಧ್ಯವೇ, ಮೇಡಂ?

ಉತ್ತರ: ಇದೆಲ್ಲವೂ ಸಾಧ್ಯವಿಲ್ಲ, ಆದರೆ ನಿಮಗೆ ನಿಜವಾಗಿ ಬೇಕಾದದ್ದು ಸಾಧ್ಯವಿದೆ. ವಿಮಾನ ಹತ್ತುವವರು ಮನೆಯಲ್ಲೇ ಬಿಟ್ಟು ಹೋಗಬೇಕಾದವು ಎರಡು: ಬೆಂಕಿ ಮತ್ತು ನೀರು. ಬೆಂಕಿಯನ್ನು ನಿಯಮವೇ ತಡೆಯುತ್ತದೆ, ನೀರನ್ನು ತೂಕ ತಡೆಯುತ್ತದೆ. ಈ ಎರಡನ್ನು ಬಿಟ್ಟು ಚೀಲ ಕಟ್ಟಲು ಕೂತರೆ ಬುತ್ತಿಯ ಸ್ವರೂಪವೂ ತಾನಾಗಿ ನಿರ್ಧಾರವಾಗುತ್ತದೆ, ಏಕೆಂದರೆ ಒಲೆಯಿಲ್ಲದೆ ತಿನ್ನಬಹುದಾದದ್ದು ಮತ್ತು ಅಲ್ಲಿ ಸಿಕ್ಕ ನೀರಿನಲ್ಲಿ ಕಲಸಿಕೊಳ್ಳಬಹುದಾದದ್ದು ಮಾತ್ರ ಅದರಲ್ಲಿ ಉಳಿಯುತ್ತದೆ. ನಮ್ಮ ಸೀಮೆಯ ಅಡುಗೆಮನೆಯಲ್ಲಿ ಅಂಥ ತಿನಿಸಿಗೇನೂ ಕೊರತೆಯಿಲ್ಲ.

ಮೊದಲು ನೀರಿನ ವಿಷಯ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಬರುವುದು ನಮಗೆ ರೂಢಿಯಾಗಿದೆ, ಆದ್ದರಿಂದ ಎಲ್ಲಿಗೆ ಹೊರಟರೂ ಮೊದಲು ಕ್ಯಾನೇ ನೆನಪಾಗುತ್ತದೆ. ನಿಮ್ಮ ತಮ್ಮನಿಗೂ ಹಾಗೇ ಆಗಿರಬೇಕು. ಆದರೆ ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ದಿನಕ್ಕೆ ತಲೆಗೆ ಮೂರು ಲೀಟರ್ ಎಂದು ಹಿಡಿದರೂ ಇಬ್ಬರಿಗೆ ನಾಲ್ಕು ದಿನಕ್ಕೆ 24 ಲೀಟರ್ ಬೇಕು. ಇಬ್ಬರ ಚೆಕ್-ಇನ್ ಚೀಲದ, ಅಂದರೆ ವಿಮಾನದ ಸಾಮಾನಿನ ಕೋಣೆಗೆ ಒಪ್ಪಿಸುವ ಚೀಲದ, ಮಿತಿ ಸೇರಿ 30 ಕಿಲೋ ಇರುವಾಗ 24 ಕಿಲೋ ನೀರಿಗೇ ಹೋದರೆ ಡೇರೆಗೂ ಜಾಗ ಉಳಿಯುವುದಿಲ್ಲ. ಅಲ್ಲದೆ ಝೀರೊ ಬಯಲುಸೀಮೆಯಲ್ಲ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರಿಗಿಂತ ಎತ್ತರದಲ್ಲಿರುವ ಆ ಹಸಿರು ಕಣಿವೆಯಲ್ಲಿ ಅಪತಾನಿ ಜನ ಹೊಳೆ ತೊರೆಗಳ ನೀರನ್ನು ಕಾಲುವೆಗಳಲ್ಲಿ ಹಾಯಿಸಿ, ಭತ್ತದ ಗದ್ದೆಯಲ್ಲೇ ಮೀನನ್ನೂ ಸಾಕುತ್ತಾರೆ. ಅಲ್ಲಿ ನೀರಿಗೆ ಬರವಿಲ್ಲ. ಸಿಕ್ಕ ನೀರನ್ನು ಕುಡಿಯಲು ಯೋಗ್ಯವಾಗುವಂತೆ ಮಾಡಿಕೊಳ್ಳುವುದಷ್ಟೇ ನಿಮ್ಮ ಕೆಲಸ.

ಅದಕ್ಕೆ ಒಂದು ಹಾಲೋ ಫೈಬರ್ ಫಿಲ್ಟರ್ (ಸೂಕ್ಷ್ಮ ರಂಧ್ರಗಳಿರುವ ಟೊಳ್ಳು ಎಳೆಗಳಲ್ಲಿ ನೀರು ಸೋಸುವ ಪುಟ್ಟ ಸಾಧನ) ಮತ್ತು ಒಂದು ಪಟ್ಟಿ ಕ್ಲೋರಿನ್ ಮಾತ್ರೆ ಸಾಕು. ಎರಡೂ ಸೇರಿ ಕಾಲು ಕಿಲೋ ದಾಟುವುದಿಲ್ಲ. ಎರಡೂ ಏಕೆ ಬೇಕೆಂದರೆ, ಸಾಮಾನ್ಯವಾಗಿ 0.1 ಮೈಕ್ರಾನ್ ರಂಧ್ರಗಳಿರುವ ಈ ಫಿಲ್ಟರು ಬ್ಯಾಕ್ಟೀರಿಯಾವನ್ನೂ ಅಮೀಬಾದಂಥ ಏಕಕೋಶ ಜೀವಿಗಳನ್ನೂ ತಡೆಯುತ್ತದೆ, ಆದರೆ ಅದಕ್ಕಿಂತ ಎಷ್ಟೋ ಚಿಕ್ಕದಾದ ವೈರಾಣುಗಳು ಅದರಲ್ಲಿ ನುಸುಳಿ ಬಿಡುತ್ತವೆ. ಕ್ಲೋರಿನ್ನು ವೈರಾಣುವನ್ನು ಕೊಲ್ಲುತ್ತದೆ, ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿ ತರುವ ಪರೋಪಜೀವಿಯ ಎದುರು ಅದರ ಆಟ ನಡೆಯುವುದಿಲ್ಲ. ಆದ್ದರಿಂದ ಮೊದಲು ಸೋಸಿ, ಆಮೇಲೆ ಮಾತ್ರೆ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಕಲಕಿದ ನೀರಿಗೆ ನೇರವಾಗಿ ಮಾತ್ರೆ ಹಾಕಿದರೆ ಕ್ಲೋರಿನ್ನೆಲ್ಲ ಕೆಸರಿನ ಜೊತೆಗೇ ಮುಗಿದುಹೋಗುತ್ತದೆ, ಹಾಗಾಗಿ ಮಳೆ ಬಂದ ದಿನ ನೀರನ್ನು ಬಟ್ಟೆಯಲ್ಲಿ ಒಮ್ಮೆ ಸೋಸಿಕೊಂಡೇ ಫಿಲ್ಟರಿಗೆ ಬಿಡಿ. ಎಲ್ಲಾದರೂ ಕುದಿಸಿದ ನೀರು ಸಿಕ್ಕರೆ ಇಷ್ಟೆಲ್ಲ ಬೇಡ. ಆ ಎತ್ತರದಲ್ಲಿ ನೀರು ಚೆನ್ನಾಗಿ ಮಳ್ಳಿ ಒಂದು ನಿಮಿಷ ಕುದಿದರೆ ಸಾಕು. ಇನ್ನೊಂದು ಮಾತು: ಈ ಫಿಲ್ಟರು ರೋಗಾಣುಗಳಿಗಾಗಿ ಇರುವಂಥದ್ದು, ಫ್ಲೋರೈಡನ್ನು ಅದು ತೆಗೆಯುವುದಿಲ್ಲ. ಊರಿಗೆ ಮರಳಿದ ಮೇಲೆ ಮನೆಯ ಬೋರ್‌ವೆಲ್ ನೀರನ್ನು ಇದರಲ್ಲಿ ಸೋಸಿ ಕುಡಿದರಾಯಿತು ಎಂದು ಯಾರೂ ಭಾವಿಸಬಾರದು.

ತಲೆಗೊಂದು ಖಾಲಿ ಬಾಟಲಿ, ಜೊತೆಗೆ ಮಡಚಿದರೆ ಕರವಸ್ತ್ರದಷ್ಟಾಗುವ ಐದು ಲೀಟರಿನ ಪ್ಲಾಸ್ಟಿಕ್ ಚೀಲವೊಂದು ಇರಲಿ. ಬಾಟಲಿಯನ್ನು ನಿಲ್ದಾಣದೊಳಗೆ ಖಾಲಿಯಾಗಿಯೇ ಒಯ್ದು, ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ನೂರು ಮಿಲಿಲೀಟರಿನ ಕಟ್ಟುಪಾಡು ಮುಖ್ಯವಾಗಿ ವಿದೇಶಕ್ಕೆ ಹೋಗುವ ವಿಮಾನಗಳದ್ದಾದರೂ, ದೇಶದೊಳಗಿನ ಪ್ರಯಾಣದಲ್ಲಿ ಕೈಚೀಲದ ದ್ರವ ಪದಾರ್ಥದ ಬಗ್ಗೆ ತಪಾಸಣೆಯವರೊಡನೆ ವಾದಕ್ಕಿಳಿದು ಗೆದ್ದವರನ್ನು ನಾನು ಕಂಡಿಲ್ಲ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣಗಳನ್ನು ಐದಾರು ಇಟ್ಟುಕೊಳ್ಳಿ. ಒಂದೊಂದು 20.5 ಗ್ರಾಂ ಮಾತ್ರ.

ಈಗ ಬೆಂಕಿ. ಗ್ಯಾಸ್ ಒಲೆಯ ಬ್ಯೂಟೇನ್ ಡಬ್ಬಿ, ಸೀಮೆಎಣ್ಣೆ, ಸ್ಪಿರಿಟ್ ಯಾವುದೂ ಕೈಚೀಲದಲ್ಲೂ ಹೋಗುವಂತಿಲ್ಲ, ಚೆಕ್-ಇನ್ ಚೀಲದಲ್ಲೂ ಹೋಗುವಂತಿಲ್ಲ. ಡಬ್ಬಿಯನ್ನು ಬಿಟ್ಟು ಬರಿ ಒಲೆಯನ್ನು ಒಯ್ಯುತ್ತೇನೆಂದರೂ ತೊಂದರೆ ತಪ್ಪದು, ಏಕೆಂದರೆ ಒಮ್ಮೆ ಉರಿಸಿದ ಒಲೆಯಲ್ಲಿ ಇಂಧನದ ವಾಸನೆ ಉಳಿದಿರುತ್ತದೆ. ದ್ರವ ಇಂಧನದ ಒಲೆಯಾದರಂತೂ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ತೊಳೆದಿದ್ದರೂ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಬೇಕು. ಬೆಂಕಿಪೊಟ್ಟಣ ಮತ್ತು ಲೈಟರನ್ನು ನಮ್ಮ ದೇಶದ ವಿಮಾನಗಳಲ್ಲಿ ಎರಡೂ ಚೀಲಗಳಿಂದ ಹೊರಗಿಡಬೇಕು. ದೇವರ ಗೂಡಿನಿಂದ ಯಾರೋ ಪ್ರೀತಿಯಿಂದ ಚೀಲಕ್ಕೆ ಹಾಕಿಬಿಡುವ ಕರ್ಪೂರವೂ ಹೊತ್ತಿ ಉರಿಯುವ ಘನವಸ್ತುಗಳ ಪಟ್ಟಿಯಲ್ಲಿದೆ. ಇಷ್ಟಾಗಿಯೂ ಹೇಗೋ ಒಲೆ ಹೊಂದಿಸಿಕೊಂಡಿರಿ ಎನ್ನೋಣ. ಝೀರೊದಲ್ಲಿ ಸೆಪ್ಟೆಂಬರ್ ಎಂದರೆ ಮಳೆಯ ಕಾಲ. ಮಳೆ ಸುರಿಯುವಾಗ ಡೇರೆಯ ಬಾಗಿಲು ಹಾಕಿಕೊಂಡು ಒಳಗೆ ಒಲೆ ಹಚ್ಚುವ ಆಸೆ ಹುಟ್ಟಿಯೇ ಹುಟ್ಟುತ್ತದೆ, ಮುಚ್ಚಿದ ಡೇರೆಯೊಳಗೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಮಲಗಿದವರು ಏಳದೇ ಹೋಗಬಹುದು. ಹಾಗಾಗಿ ಒಲೆಯ ಮಾತನ್ನು ನೀವಿಬ್ಬರೂ ಇಲ್ಲಿಗೇ ಬಿಟ್ಟುಬಿಡುವುದು ಒಳ್ಳೆಯದು. ಬಿಸಿ ಚಹಾ, ಬಿಸಿ ಅನ್ನ ಉತ್ಸವದ ಅಂಗಡಿಗಳಲ್ಲಿ ಸಿಗುತ್ತವೆ.

ಅವ್ವನ ಕೊಬ್ಬರಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಒಣ ಕೊಬ್ಬರಿ ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1363 ಎಂಬ ಸಂಖ್ಯೆಯಡಿ, ತಾನಾಗಿಯೇ ಹೊತ್ತಿಕೊಳ್ಳಬಹುದಾದ 4.2 ವರ್ಗದಲ್ಲಿದೆ. ಕೇಳಿದವರು ನಗುತ್ತಾರೆ, ಆದರೆ ಕಾರಣ ಸರಳವಾಗಿದೆ. ಕೊಬ್ಬರಿಯ ತುಂಬ ಎಣ್ಣೆ. ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಕೂಡಿ ಶಾಖ ಬಿಡುತ್ತದೆ, ತೇವಾಂಶವಿದ್ದರೆ ಬೂಷ್ಟೂ ಬೆಳೆದು ಆ ಶಾಖಕ್ಕೆ ತನ್ನದನ್ನೂ ಸೇರಿಸುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಕಡೆ ಒತ್ತೊತ್ತಾಗಿ ತುಂಬಿದ ರಾಶಿಯೊಳಗೆ ಶಾಖ ಏರುತ್ತಲೇ ಹೋಗುತ್ತದೆ. ತಿಪಟೂರು, ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿಗಳಿಗೆ ಸರಿಯಾಗಿ ಒಣಗದ ಮಾಲಿನ ರಾಶಿ ಒಳಗೊಳಗೇ ಬಿಸಿಯಾಗುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದೆರಡು ಗಿಟುಕಿನಿಂದ ವಿಮಾನಕ್ಕೆ ಬೆಂಕಿ ಬೀಳುವುದಿಲ್ಲವಾದರೂ ನಿಯಮ ಗಿಟುಕನ್ನು ಎಣಿಸುವುದಿಲ್ಲ. ಶಬರಿಮಲೆಯ ಯಾತ್ರಿಕರು ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲೇ ಒಯ್ಯಬಹುದೆಂದು 2024ರ ಅಕ್ಟೋಬರಿನಲ್ಲಿ ಸರ್ಕಾರ ಅನುಮತಿ ಕೊಟ್ಟಾಗಲೂ ಅದು ವಿಶೇಷ ವಿನಾಯಿತಿಯಾಗಿತ್ತು, 2025ರ ಜನವರಿ 20ರವರೆಗೆ ಮಾತ್ರ ಅನ್ವಯವಾಗುವಂತಿತ್ತು. ಇದನ್ನೆಲ್ಲ ಅರಿಯುವ ಮೊದಲು ನಾನೂ ಒಮ್ಮೆ ಚೀಲದಲ್ಲಿ ನಾಲ್ಕು ಗಿಟುಕು ಇಟ್ಟುಕೊಂಡು ಹೋಗಿ, ಚೆಕ್-ಇನ್ ಆದ ಚೀಲವನ್ನು ಮತ್ತೆ ಕರೆಸಿ ಬಿಚ್ಚಿಸಿದಾಗ, ಹಿಂದೆ ನಿಂತಿದ್ದವರ ಎದುರು ನನ್ನ ಒಳಬಟ್ಟೆಗಳ ನಡುವಿನಿಂದ ಅವನ್ನು ಒಂದೊಂದಾಗಿ ಹೆಕ್ಕಿಕೊಟ್ಟಿದ್ದೇನೆ.

ಹಾಗಾದರೆ ಚಟ್ನಿಪುಡಿ? ಕೊಬ್ಬರಿಯನ್ನು ಬಿಟ್ಟು ಶೇಂಗಾ ಅಥವಾ ಗುರೆಳ್ಳಿನ ಚಟ್ನಿಪುಡಿ ಮಾಡಿಕೊಡುವಂತೆ ಅವ್ವನನ್ನು ಕೇಳಿಕೊಳ್ಳಿ. ಚಳ್ಳಕೆರೆಯ ನೆರೆಯವರಿಗೆ ಶೇಂಗಾ ಎಲ್ಲಿಂದ ತರುವುದೆಂಬ ಚಿಂತೆಯಂತೂ ಇಲ್ಲ. ಚಟ್ನಿಪುಡಿ, ಖಾರದಪುಡಿ, ಮಸಾಲೆಪುಡಿ ಯಾವುದನ್ನೂ ಕೈಚೀಲದಲ್ಲಿ ಇಡಬೇಡಿ. ಕಣ್ಣಿಗೆ ಎರಚಬಹುದಾದ ಖಾರದಪುಡಿ ತಪಾಸಣೆಯವರ ಲೆಕ್ಕದಲ್ಲಿ ಆಯುಧವೇ. ಚೆಕ್-ಇನ್ ಚೀಲದಲ್ಲಿ ಅದಕ್ಕೆ ಅಡ್ಡಿಯಿಲ್ಲ. ತುಪ್ಪ ಮತ್ತು ಉಪ್ಪಿನಕಾಯಿಯೂ ಅಲ್ಲಿಗೇ ಹೋಗಲಿ. ಆದರೆ ಕಟ್ಟುವ ಕ್ರಮ ತಿಳಿದಿರಬೇಕು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದ್ದರ ಮುಕ್ಕಾಲು ಪಾಲಿನಷ್ಟಕ್ಕೆ ಇಳಿಯುತ್ತದೆ, ಸಾಮಾನಿನ ಕೋಣೆಯಲ್ಲೂ ಹಾಗೆಯೇ. ಡಬ್ಬಿಯಲ್ಲಿ ಅರ್ಧ ತುಪ್ಪ, ಅರ್ಧ ಗಾಳಿ ಇದ್ದರೆ ಆ ಗಾಳಿ ಹಿಗ್ಗಿ ತುಪ್ಪವನ್ನು ಮುಚ್ಚಳದ ಸಂದಿಯಿಂದ ಹೊರಗೆ ತಳ್ಳುತ್ತದೆ. ಆದ್ದರಿಂದ ಚಿಕ್ಕ ಡಬ್ಬಿಯನ್ನೇ ಆರಿಸಿ, ಕಂಠದವರೆಗೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನೊಳಗಿಡಿ. ಇನ್ನೂರು ಗ್ರಾಂ ತುಪ್ಪ ನಾಲ್ಕು ದಿನಕ್ಕೆ ಧಾರಾಳ.

ಬುತ್ತಿಯ ಉಳಿದ ಲೆಕ್ಕ ಹೀಗೆ. ಸಸ್ಯಾಹಾರಿಗೆ ಅಲ್ಲಿ ಅನ್ನ, ಬೇಳೆ, ಸೊಪ್ಪು, ನೂಡಲ್ಸ್ ಸಿಗುತ್ತವೆ, ಆದರೆ ಆ ಕಡೆಯ ಅಡುಗೆಯಲ್ಲಿ ಹಂದಿಮಾಂಸ, ಹೊಗೆಯಲ್ಲಿ ಒಣಗಿಸಿದ ಮಾಂಸ, ಮೀನು ಸಾಮಾನ್ಯ. ಕಳಲೆಯ ಪಲ್ಯ ಎಂದು ಖುಷಿಯಿಂದ ತಟ್ಟೆಗೆ ಹಾಕಿಸಿಕೊಳ್ಳುವ ಮೊದಲು ಅದರಲ್ಲಿ ಇನ್ನೇನಿದೆ ಎಂದು ಕೇಳಿಕೊಳ್ಳಿ. ದಿನಕ್ಕೊಂದು ಬಿಸಿಯೂಟ ಹೊರಗೆ ಮಾಡುವುದೆಂದೂ, ಬೆಳಗಿನ ತಿಂಡಿ ಮತ್ತು ನಡುರಾತ್ರಿಯ ಹಸಿವಿಗೆ ಬುತ್ತಿ ಎಂದೂ ಇಟ್ಟುಕೊಂಡರೆ ಇಬ್ಬರಿಗೆ ಮೂರೂವರೆ ಕಿಲೋ ಒಳಗೆ ಮುಗಿಯುತ್ತದೆ. ಇದರಲ್ಲಿ ಮೊದಲ ಸ್ಥಾನ ಹುರಿಹಿಟ್ಟಿನದು. ಬೆಲ್ಲದ ಪುಡಿ ಸೇರಿಸಿ ಒಯ್ದರೆ ತಣ್ಣೀರಿನಲ್ಲೇ ಕಲಸಿಕೊಳ್ಳಬಹುದು, ಹೊಟ್ಟೆ ಹೊತ್ತು ಮುಳುಗುವವರೆಗೂ ತಡೆಯುತ್ತದೆ. ಎರಡನೆಯದು ತೆಳು ಅವಲಕ್ಕಿ. ಉಪ್ಪು, ಹುಣಸೆ, ಬೆಲ್ಲದ ಗೊಜ್ಜಿನ ಪುಡಿಯೊಡನೆ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ತಿಂಡಿ ಸಿದ್ಧ. ಇಲ್ಲೊಂದು ಎಚ್ಚರಿಕೆ: ಕಲಸಲು ಬಳಸುವುದೂ ಶುದ್ಧ ಮಾಡಿದ ನೀರೇ ಆಗಿರಬೇಕು, ಕುಡಿಯುವ ನೀರಿಗೆ ಇಷ್ಟೆಲ್ಲ ಶ್ರಮಪಟ್ಟು ಅವಲಕ್ಕಿಯನ್ನು ನಲ್ಲಿಯ ಕೆಳಗೆ ಹಿಡಿದು ಹೊಟ್ಟೆ ಕೆಡಿಸಿಕೊಂಡವರಿದ್ದಾರೆ. ಜೋಳದ ಖಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ, ಅಗಲವಾದ ಗಟ್ಟಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಉಳಿಯುತ್ತದೆ. ಪುಡಿಯಾದರೂ ಚಟ್ನಿಪುಡಿ, ತುಪ್ಪ ಹಾಕಿ ಕಲಸಿಕೊಂಡು ತಿನ್ನಬಹುದಾದ್ದರಿಂದ ಅದನ್ನು ನಷ್ಟವೆಂದು ನಾನು ಭಾವಿಸುವುದಿಲ್ಲ. ಶೇಂಗಾ ಚಿಕ್ಕಿ ಮತ್ತು ಶೇಂಗಾ ಹೋಳಿಗೆ ತೂಕಕ್ಕೆ ತಕ್ಕ ಶಕ್ತಿ ಕೊಡುತ್ತವೆ. ಮಂಡಕ್ಕಿ ಮಾತ್ರ ಬೇಡ. ದಾವಣಗೆರೆಯಲ್ಲಿ ಕೂತು ಇದನ್ನು ಬರೆಯುವಾಗ ಕೈ ನಡುಗುತ್ತದೆ ನಿಜ, ಆದರೆ ತೂಕವಿಲ್ಲದ ಮಂಡಕ್ಕಿ ಚೀಲದ ಜಾಗವನ್ನೆಲ್ಲ ನುಂಗುತ್ತದೆ, ಆ ಮಳೆಗಾಳಿಗೆ ಒಂದೇ ಗಂಟೆಯಲ್ಲಿ ಮೆತ್ತಗಾಗಿ ಚಪ್ಪೆಯಾಗುತ್ತದೆ.

ಡೇರೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನೀವಿನ್ನೂ ಡೇರೆ ಕೊಂಡಿಲ್ಲವಾದರೆ ಕೊಳ್ಳಬೇಡಿ. ಉತ್ಸವದ ಆಸುಪಾಸಿನಲ್ಲಿ ಹಾಕಿಟ್ಟ ಡೇರೆಗಳನ್ನು ಬಾಡಿಗೆಗೆ ಕೊಡುವವರಿದ್ದಾರೆ, ಮುಂಗಡ ಕೊಟ್ಟು ಕಾದಿರಿಸಿದರೆ ನಿಮ್ಮ ಚೀಲದಿಂದ ಎರಡೂವರೆ ಕಿಲೋ ಇಳಿಯುತ್ತದೆ. ಮಲಗುಚೀಲವನ್ನು ಮಾತ್ರ ನಿಮ್ಮದೇ ಒಯ್ಯಿರಿ, ಬಾಡಿಗೆಯದ್ದು ಹಿಂದಿನವರ ತೇವದೊಂದಿಗೆ ಬರಬಹುದು. ಡೇರೆ ಈಗಾಗಲೇ ಮನೆಯಲ್ಲಿದ್ದರೆ, ಮೇಲ್ಹೊದಿಕೆಯ ಜಲನಿರೋಧಕತೆ (ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆಂಬ ಅಳತೆ) 2,000 ಮಿಲಿಮೀಟರಿಗೆ ಕಡಿಮೆಯಿಲ್ಲವೆಂದು ಖಚಿತಪಡಿಸಿಕೊಂಡು, ಹೊರಡುವ ವಾರದ ಮೊದಲು ಮನೆಯ ಮಹಡಿಯ ಮೇಲೆ ಒಮ್ಮೆ ಹಾಕಿ, ಎರಡು ಕೊಡ ನೀರು ಸುರಿದು ನೋಡಿ. ಕೊಂಡಜ್ಜಿಯ ಸ್ಕೌಟ್ಸ್ ಶಿಬಿರದಲ್ಲಿ ಡೇರೆ ಹಾಕಿ ಕಲಿತವರಿಗೆ ಇದು ಗೊತ್ತು: ಸೋರುವುದು ಬಟ್ಟೆಯಿಂದಲ್ಲ, ಹೊಲಿಗೆಯಿಂದ. ಡೇರೆಯ ಗೂಟಗಳು, ನಡಿಗೆಕೋಲು, ಚಾಕು, ಕತ್ತರಿ ಇವೆಲ್ಲ ಚೂಪಾದ ಸಾಮಾನುಗಳಾದ್ದರಿಂದ ಚೆಕ್-ಇನ್ ಚೀಲಕ್ಕೇ ಹೋಗಬೇಕು, ಗೂಟಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತದಿದ್ದರೆ ಡೇರೆಯನ್ನೇ ತೂತು ಮಾಡುತ್ತವೆ.

ಪವರ್ ಬ್ಯಾಂಕಿನ ನಿಯಮ ಇದಕ್ಕೆ ತಿರುವುಮುರುವು. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿದರೆ ಕಣ್ಣೆದುರಿಗೇ ಇರಲಿ ಎಂಬ ಕಾರಣಕ್ಕೆ ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಚೀಲದಲ್ಲಿ ಇಡುವಂತಿಲ್ಲ. ಬ್ಯಾಟರಿ ಹಿಡಿದಿಡುವ ಶಕ್ತಿಯನ್ನು ವ್ಯಾಟ್-ಅವರ್ ಲೆಕ್ಕದಲ್ಲಿ ಅಳೆಯುತ್ತಾರೆ. 100 ವ್ಯಾಟ್-ಅವರ್‌ವರೆಗೆ ಯಾರ ಒಪ್ಪಿಗೆಯೂ ಬೇಡ, ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಹೆಚ್ಚಿನದು ಹತ್ತುವುದೇ ಇಲ್ಲ. ಪೆಟ್ಟಿಗೆಯ ಮೇಲೆ ಮಿಲಿ ಆಂಪಿಯರ್-ಅವರ್ (mAh) ಲೆಕ್ಕ ಮಾತ್ರ ಬರೆದಿದ್ದರೆ ಅದನ್ನು ಬ್ಯಾಟರಿಯ ವೋಲ್ಟೇಜಾದ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 20,000ದ್ದು 74 ವ್ಯಾಟ್-ಅವರ್ ಆಗುತ್ತದೆ, 27,000ದ್ದು ನೂರರ ಅಂಚಿಗೆ ಬಂದು ನಿಲ್ಲುತ್ತದೆ. ಡೇರೆಯಲ್ಲಿ ಪ್ಲಗ್ ಸಿಗದ ನಾಲ್ಕು ದಿನಕ್ಕೆ ತಲೆಗೊಂದು 20,000ದ್ದು ಸಾಕು, ಅಂಕಿಗಳು ಅಳಿಸಿಹೋದ ಹಳೆಯದನ್ನು ತರಬೇಡಿ.

ಕೈಚೀಲದ 7 ಕಿಲೋವನ್ನು, ಚೆಕ್-ಇನ್ ಚೀಲ ಒಂದು ದಿನ ತಡವಾಗಿ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಇಟ್ಟುಕೊಂಡು ತುಂಬಿ. ಔಷಧಿ, ಬೆಚ್ಚನೆಯ ಒಂದು ಜೊತೆ ಬಟ್ಟೆ, ರೇನ್‌ಕೋಟು, ನೀರಿನ ಫಿಲ್ಟರು, ಒಂದು ದಿನದ ಒಣ ತಿನಿಸು ಮತ್ತು ಅರುಣಾಚಲಕ್ಕೆ ಹೊರಗಿನ ಭಾರತೀಯರಿಗೂ ಕಡ್ಡಾಯವಾದ ಇನ್ನರ್ ಲೈನ್ ಪರ್ಮಿಟ್ಟಿನ ಎರಡು ಪ್ರತಿಗಳು ಅದರಲ್ಲಿರಲಿ. 1873ರ ಕಾಯಿದೆಯೊಂದರಿಂದ ಹುಟ್ಟಿದ ಈ ಪರ್ಮಿಟ್ ಈಗ ಆನ್‌ಲೈನಿನಲ್ಲೇ ಸಿಗುತ್ತದೆ, ಆದರೆ ಹೊರಡುವ ಹಿಂದಿನ ರಾತ್ರಿ ಅರ್ಜಿ ಹಾಕುವ ಕೆಲಸವಲ್ಲ.

ಗಮ್‌ಬೂಟನ್ನು ಇಲ್ಲಿಂದ ಹೊರಬೇಡಿ. ಆ ಕೆಸರಿಗೆ ಅದು ಬೇಕೇಬೇಕು, ಆದರೆ ಒಂದು ಜೊತೆ ಒಂದೂವರೆ ಕಿಲೋ ಮೇಲೆ ತೂಗುತ್ತದೆ. ನಹರ್ಲಗುನ್ ಪೇಟೆಯಲ್ಲೋ, ಝೀರೊದ ಮುಖ್ಯ ಪೇಟೆಯಾದ ಹಾಪೋಲಿಯಲ್ಲೋ ಕೊಳ್ಳಿ. ಬೆಂಕಿಪೊಟ್ಟಣ, ಬಿಸ್ಕತ್ತು, ಬಾಳೆಹಣ್ಣೂ ಅಲ್ಲೇ.

ಜೀಪಿನ ಮೇಲೆ ಕಟ್ಟಿದ ಚೀಲ ನಾಲ್ಕೈದು ಗಂಟೆ ಮಳೆಯಲ್ಲಿ ನೆನೆಯುವ ಸಾಧ್ಯತೆ ಇರುವುದರಿಂದ ಬಟ್ಟೆ ಮತ್ತು ಮಲಗುಚೀಲಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿಯೇ ಮೂಟೆ ಕಟ್ಟಿ. ಇದಕ್ಕೆ ಹಿತ್ತಲಿನಲ್ಲಿ ಬಿದ್ದಿರುವ ಗೊಬ್ಬರದ ಚೀಲವನ್ನು ಬಳಸಲು ಹೋಗಬೇಡಿ. ನಿಲ್ದಾಣಗಳಲ್ಲಿ ಬಟ್ಟೆಯ ಚೂರಿನಿಂದ ಒರೆಸಿ ಸ್ಫೋಟಕದ ಕುರುಹು ಹುಡುಕುವ ಯಂತ್ರಕ್ಕೆ ಗೊಬ್ಬರದ ನೈಟ್ರೇಟ್ ಅಂಶವೂ ಅನುಮಾನ ಹುಟ್ಟಿಸಬಲ್ಲದು.

ನನ್ನ ಅಂದಾಜಿನಲ್ಲಿ ಡೇರೆ ಎರಡೂವರೆ, ಎರಡು ಮಲಗುಚೀಲ ಎರಡೂವರೆ, ಚಾಪೆಗಳು ಒಂದು, ಬುತ್ತಿ ಮೂರೂವರೆ, ಇಬ್ಬರ ಬಟ್ಟೆ ಎಂಟು, ಇತರೆ ಮೂರು, ಚೀಲಗಳದೇ ತೂಕ ಮೂರು ಕಿಲೋ ಎಂದರೆ ಒಟ್ಟು 23.5 ಆಗುತ್ತದೆ. 30ಕ್ಕೆ ಇನ್ನೂ ಜಾಗ ಉಳಿಯಿತಲ್ಲ ಎಂದು ಮತ್ತೇನನ್ನೋ ತುಂಬಬೇಡಿ. ಬರುವಾಗ ಬುತ್ತಿ ಖಾಲಿಯಾಗಿರುತ್ತದೆ ನಿಜ, ಆದರೆ ನೆನೆದ ಡೇರೆ ಒಂದು ಕಿಲೋಗೂ ಹೆಚ್ಚು ಭಾರವಾಗಿರುತ್ತದೆ, ಬಟ್ಟೆಗಳೂ ಹಾಗೆಯೇ, ನಿಮ್ಮ ಕಸವೂ ನಿಮ್ಮ ಚೀಲದಲ್ಲೇ ವಾಪಸು ಬರಬೇಕು, ಹೊಸ ಗಮ್‌ಬೂಟುಗಳೂ ಜೊತೆಗಿರುತ್ತವೆ. ಹೊರಡುವ ಮುನ್ನ ಮನೆಯಲ್ಲೇ ಕೊಕ್ಕೆ ತಕ್ಕಡಿಗೆ ಚೀಲ ತೂಗುಹಾಕಿ ನೋಡಿ, ಆ ತಕ್ಕಡಿಯನ್ನೂ ಜೊತೆಗೆ ಇಟ್ಟುಕೊಳ್ಳಿ. ಮರಳಿದ ದಿನ ಎಷ್ಟೇ ದಣಿವಾಗಿದ್ದರೂ ಡೇರೆಯನ್ನು ಚೀಲದಿಂದ ಬಿಡಿಸಿ ನೆರಳಿನಲ್ಲಿ ಹರವಿಬಿಡಿ. ಒದ್ದೆಯಾಗಿಯೇ ಎರಡು ದಿನ ಮಡಚಿಟ್ಟರೆ ಬೂಷ್ಟು ಹಿಡಿದ ಕಮಟು ವಾಸನೆ ಮುಂದಿನ ಪ್ರಯಾಣದವರೆಗೂ ಹೋಗುವುದಿಲ್ಲ.